ಮೊದಲ ಸಂಬಳ ಬರೋಕ್ ಮುಂಚೆ ಮಕ್ಕಳಿಗೆ ಮನೆ ಲೆಕ್ಕ ತೋರಿಸಿ

ಬಿಕಾಂ ಫೈನಲ್ ಇಯರ್ ಮಕ್ಕಳಿಗೆ ಬ್ಯಾಲೆನ್ಸ್ ಶೀಟು, ಡಿಪ್ರಿಸಿಯೇಶನ್ನು, ಕ್ಯಾಶ್ ಫ್ಲೋ ಎಲ್ಲ ಚೆನ್ನಾಗೇ ಬರುತ್ತೆ, ಆದ್ರೆ ಒಂದು ಪೇಸ್ಲಿಪ್ ಕೈಗೆ ಕೊಟ್ಟು "ಇದ್ರಲ್ಲಿ ಕೈಗೆ ಬರೋದೆಷ್ಟು, ಯಾಕೆ ಅಷ್ಟೇ ಬರುತ್ತೆ ಹೇಳಿ" ಅಂದ್ರೆ ಇಡೀ ಕ್ಲಾಸ್ ಸುಮ್ನಾಗಿಬಿಡುತ್ತೆ. ನಾನು ರಾಜಾಜಿನಗರದ ಕಡೆ ಒಂದು ಡಿಗ್ರಿ ಕಾಲೇಜಲ್ಲಿ ಕಾಮರ್ಸ್ ಪಾಠ ಮಾಡ್ತೀನಿ, ಕೆಲವು ವರ್ಷಗಳಿಂದ ಶನಿವಾರ ಕ್ಲಾಸ್ ಮುಗಿದ್ಮೇಲೆ ಯಾರ್ಯಾರು ಉಳ್ಕೋತಾರೋ ಅವ್ರಿಗೆ ಸ್ವಂತ ದುಡ್ಡು ನೋಡ್ಕೊಳ್ಳೋದು ಹೇಗೆ ಅಂತ ಹೇಳ್ಕೊಡ್ತಾ ಬಂದಿದ್ದೀನಿ. ಇದು ಸಿಲಬಸ್‌ನಲ್ಲಿಲ್ಲ, ಇದಕ್ಕೆ ಮಾರ್ಕ್ಸೂ ಇಲ್ಲ, ಆದ್ರೂ ಮಕ್ಕಳು ಉಳ್ಕೋತಾರೆ, ಯಾಕಂದ್ರೆ ಇನ್ನು ಮೂರ್ನಾಲ್ಕು ತಿಂಗಳಲ್ಲಿ ಅವ್ರ ಅಕೌಂಟಿಗೆ ಸಂಬಳ ಬೀಳುತ್ತೆ ಅನ್ನೋದು ಅವ್ರಿಗೆ ಗೊತ್ತು, ಅದನ್ನ ಏನ್ ಮಾಡ್ಬೇಕು ಅನ್ನೋದನ್ನ ಯಾರೂ ಹೇಳಿಲ್ಲ ಅನ್ನೋದೂ ಗೊತ್ತು.

ಪೇಸ್ಲಿಪ್ಪಿಂದಾನೇ ಶುರು ಮಾಡ್ತೀನಿ. ಕ್ಯಾಂಪಸ್‌ನಲ್ಲಿ ಆಫರ್ ಲೆಟರ್ ಬಂತು, ಸಿಟಿಸಿ, ಅಂದ್ರೆ ಕಂಪನಿ ನಿಮಗೋಸ್ಕರ ವರ್ಷಕ್ಕೆ ಮಾಡೋ ಒಟ್ಟು ಖರ್ಚು, 3.6 ಲಕ್ಷ ಅಂತಿದೆ, ಮಕ್ಕಳು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 30,000 ಅಂತ ಮನೇಲೂ ಹೇಳಿಬಿಟ್ಟಿರ್ತಾರೆ. ಬೋರ್ಡ್ ಮೇಲೆ ಲೆಕ್ಕ ಬರೀತೀವಿ. ಬೇಸಿಕ್ 15,000 ಅಂತ ಇಟ್ಕೊಳ್ಳಿ. ಕಂಪನಿ ಕಟ್ಟೋ ಪಿಎಫ್ ಪಾಲು 12 ಪರ್ಸೆಂಟ್, ಅಂದ್ರೆ 1,800, ಅದು ಆ ಸಿಟಿಸಿ ಒಳಗೇ ಕೂತಿರುತ್ತೆ. ಗ್ರಾಚ್ಯುಟಿ, ಅಂದ್ರೆ ವರ್ಷಗಟ್ಟಲೆ ದುಡಿದು ಕೆಲಸ ಬಿಡುವಾಗ ಕೊಡೋ ದುಡ್ಡು, ಅಂತ ಸುಮಾರು 720, ಅದೂ ಒಳಗೇ. ಉಳಿದದ್ದು 27,480. ಅದ್ರಲ್ಲಿ ನಿಮ್ಮ ಪಿಎಫ್ ಪಾಲು ಇನ್ನೊಂದು 1,800 ಹೋಗುತ್ತೆ, ಕರ್ನಾಟಕದಲ್ಲಿ ತಿಂಗಳಿಗೆ 25,000 ಅಥವಾ ಅದಕ್ಕಿಂತ ಜಾಸ್ತಿ ಸಂಬಳ ಇದ್ರೆ ಪ್ರೊಫೆಷನಲ್ ಟ್ಯಾಕ್ಸ್ 200 ಹೋಗುತ್ತೆ, ಕೈಗೆ ಬರೋದು 25,480. ಸಿಟಿಸಿಯಲ್ಲಿ ವೇರಿಯಬಲ್ ಪೇ, ಅಂದ್ರೆ ಕೆಲಸ ನೋಡಿ ಕೊಡೋ ಪಾಲು, ಅಂತ ಬೇರೆ ಸೇರಿಸಿದ್ರೆ ಇನ್ನೂ ಕಮ್ಮಿ. ಇದು ಮೋಸ ಅಲ್ಲ, ಪದ್ಧತಿನೇ ಹಾಗೆ, ಆದ್ರೆ 30,000 ಬರುತ್ತೆ ಅಂದ್ಕೊಂಡು ಪಿಜಿ ನೋಡಿ, ಬೈಕಿಗೆ ಇಎಂಐ ಮಾಡ್ಕೊಂಡು ಕೂತ ಹುಡುಗನಿಗೆ ಮೊದಲನೇ ತಿಂಗಳೇ ನಾಲ್ಕೂವರೆ ಸಾವಿರ ಕಮ್ಮಿ ಬಿದ್ರೆ ಅವನ ಲೆಕ್ಕವೆಲ್ಲ ಅಲ್ಲೇ ಕುಸಿಯುತ್ತೆ.

ಆಮೇಲೆ ಪಿಎಫ್ ಬಗ್ಗೆ ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದ್ರೆ ಎಲ್ರೂ ಅದನ್ನ "ಕಟ್ಟಾಗೋ ದುಡ್ಡು" ಅಂತಾರೆ. ಅದು ನಿಮ್ಮದೇ ದುಡ್ಡು ಕಣ್ರೋ. ಕಂಪನಿಯ 1,800ರಲ್ಲಿ 1,250 ಪೆನ್ಶನ್ ಸ್ಕೀಮಿಗೆ ಹೋಗುತ್ತೆ, ಉಳಿದ 550 ಮತ್ತು ನಿಮ್ಮ 1,800 ಸೇರಿ ತಿಂಗಳಿಗೆ 2,350 ನಿಮ್ಮ ಪಿಎಫ್‌ನಲ್ಲಿ ಕೂಡ್ಕೊಳ್ಳುತ್ತೆ, ವರ್ಷಕ್ಕೆ 28,200. ಅದಕ್ಕೆ 2024-25ರಲ್ಲಿ ಕೊಟ್ಟ ಬಡ್ಡಿ 8.25 ಪರ್ಸೆಂಟ್, ದೊಡ್ಡ ಬ್ಯಾಂಕುಗಳ ಎಫ್‌ಡಿಗಿಂತ ಮೇಲೆ. ಕೆಲಸ ಬಿಟ್ಟು ಬೇರೆ ಕಡೆ ಸೇರಿದಾಗೆಲ್ಲ ಇದನ್ನ ತೆಗೆದು ಫೋನೋ ಟ್ರಿಪ್ಪೋ ಮಾಡೋದು ಈ ಊರಿನ ಹುಡುಗ್ರಿಗೆ ಅಭ್ಯಾಸ ಆಗಿಬಿಟ್ಟಿದೆ, ಎರಡು ವರ್ಷಕ್ಕೊಂದು ಕಂಪನಿ, ಪ್ರತಿ ಸಲ ಪಿಎಫ್ ಖಾಲಿ. ಯುಎಎನ್, ಅಂದ್ರೆ ಪಿಎಫ್‌ಗೆ ನಿಮಗೆ ಕೊಡೋ ನಂಬರ್, ಎಷ್ಟು ಕಂಪನಿ ಬದಲಾಯಿಸಿದ್ರೂ ಒಂದೇ ಇರುತ್ತೆ, ಹಳೇ ಅಕೌಂಟನ್ನ ಹೊಸದಕ್ಕೆ ಟ್ರಾನ್ಸ್‌ಫರ್ ಮಾಡ್ಕೊಂಡ್ರೆ ಸರ್ವೀಸ್ ಕಂಟಿನ್ಯೂ ಆಗುತ್ತೆ, ಐದು ವರ್ಷ ತುಂಬೋಕ್ ಮುಂಚೆ ತೆಗೆದ್ರೆ ಟ್ಯಾಕ್ಸ್ ಬೇರೆ ಬೀಳಬಹುದು. ಇಷ್ಟು ಹೇಳೋಕೆ ಹತ್ತು ನಿಮಿಷ ಸಾಕು, ಆ ಹತ್ತು ನಿಮಿಷ ಯಾರೂ ಕೊಟ್ಟಿರಲ್ಲ ಅನ್ನೋದೇ ನನ್ನ ಸಂಕಟ.

ಯಾಕೆ ಕೊಟ್ಟಿರಲ್ಲ ಅಂದ್ರೆ ನಮ್ಮ ಮನೆಗಳಲ್ಲಿ ದುಡ್ಡಿನ ಮಾತು ಮಕ್ಕಳ ಮುಂದೆ ಆಡೋ ಹಾಗಿಲ್ಲ. ಅಪ್ಪಂಗೆ ಎಷ್ಟು ಸಂಬಳ ಅಂತ ಕೇಳಿದ್ರೆ "ನೀನು ಓದೋದ್ರ ಕಡೆ ಗಮನ ಕೊಡು" ಅಂತಾರೆ. ನಾನು ಮಕ್ಕಳಿಗೆ ಒಂದು ಕೆಲಸ ಕೊಡ್ತೀನಿ, ನಿಮ್ಮ ಮನೆಯ ಒಂದು ತಿಂಗಳ ಖರ್ಚು ಅಂದಾಜು ಬರ್ಕೊಂಡು ಬನ್ನಿ, ಮೊದ್ಲು ಯಾರನ್ನೂ ಕೇಳದೆ ಬರೀರಿ, ಆಮೇಲೆ ಅಮ್ಮನ್ನ ಕೇಳಿ ನಿಜವಾದ ಅಂಕಿ ಪಕ್ಕದಲ್ಲಿ ಬರೀರಿ ಅಂತ. ಹೋಟೆಲು, ಪೆಟ್ರೋಲು, ಫೋನ್ ರೀಚಾರ್ಜು ಇವೆಲ್ಲ ಹತ್ರ ಹತ್ರ ಸರಿ ಬರೀತಾರೆ, ಅವ್ರು ಕಣ್ಣಾರೆ ನೋಡೋ ಖರ್ಚು ಅದು. ದಿನಸಿ, ಗ್ಯಾಸು, ಅಜ್ಜಿ ಮಾತ್ರೆ, ಸೊಸೈಟಿ ಸಾಲದ ಕಂತು, ತಮ್ಮನ ಸ್ಕೂಲ್ ಫೀಸು ಇವೆಲ್ಲ ಅರ್ಧಕ್ಕರ್ಧ ಕಮ್ಮಿ ಬರೀತಾರೆ ಅಥವಾ ಬರೆಯೋದೇ ಇಲ್ಲ. ಒಬ್ಬ ಹುಡುಗ, ಅವರಪ್ಪ ಕಾಮಾಕ್ಷಿಪಾಳ್ಯದ ಕಡೆ ಆಟೋ ಓಡಿಸ್ತಾರೆ, ಪಕ್ಕದ ಕಾಲಮ್ ತುಂಬಿಸ್ಕೊಂಡು ಬಂದವನು "ಮೇಡಂ, ನನ್ನ ಕಾಲೇಜ್ ಫೀಸ್ ಕಟ್ಟೋಕೆ ಅಪ್ಪ ಬಡ್ಡಿಗೆ ತಂದಿದ್ರಂತೆ, ಇಲ್ಲೀ ತನಕ ನನಗೆ ಹೇಳೇ ಇರ್ಲಿಲ್ಲ" ಅಂದ. ಅವನ ದನಿಯಲ್ಲಿ ದುಃಖಕ್ಕಿಂತ ಜಾಸ್ತಿ ಸಿಟ್ಟಿತ್ತು. ಗೊತ್ತಿದ್ದಿದ್ರೆ ಸಂಜೆ ಹೊತ್ತು ಏನಾದ್ರೂ ಕೆಲಸ ನೋಡ್ಕೋತಿದ್ದೆ, ಆ ಫೋನ್ ಬೇಕು ಅಂತ ಹಠ ಮಾಡ್ತಿರ್ಲಿಲ್ಲ ಅಂತ ಅವನ ಮಾತು. ಅಪ್ಪ ಮುಚ್ಚಿಟ್ಟಿದ್ದು ಪ್ರೀತಿಯಿಂದಾನೇ, ನನಗೆ ಅದರಲ್ಲಿ ಅನುಮಾನವಿಲ್ಲ, ಆದ್ರೆ ಮುಚ್ಚಿಟ್ಟಿದ್ರಿಂದ ಮಗನಿಗೆ ಮನೆಯ ಕಷ್ಟದಲ್ಲಿ ಪಾಲು ತಗೊಳ್ಳೋ ಅವಕಾಶಾನೇ ತಪ್ಪಿಹೋಯ್ತು.

ಅದಕ್ಕೇ ನಾನು ತಂದೆ ತಾಯಿಗೆ ಹೇಳೋದು, ಪಿಯುಸಿಗೆ ಬಂದ ಮಕ್ಕಳ ಮುಂದೆ ಮನೆ ಲೆಕ್ಕ ಇಡಿ. ಎಲ್ಲಾ ಒಂದೇ ದಿನ ಬೇಡ. ಬೆಸ್ಕಾಂ ಬಿಲ್ಲಿಂದ ಶುರು ಮಾಡಿ, ಅದಕ್ಕಿಂತ ಒಳ್ಳೇ ಪಾಠ ಇನ್ನೊಂದಿಲ್ಲ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಯ ಹಿಂದಿನ ಸರಾಸರಿ ಯೂನಿಟ್ಟು, ಅದರ ಮೇಲೆ ಇನ್ನೊಂದಿಷ್ಟು, ಅಷ್ಟರ ತನಕ ಫ್ರೀ, ಅದನ್ನ ದಾಟಿದ್ರೆ ಹೆಚ್ಚಾದ ಯೂನಿಟ್ಟಿಗೆ ಕಟ್ಟಬೇಕು, 200 ಯೂನಿಟ್ ದಾಟಿಬಿಟ್ರೆ ಇಡೀ ಬಿಲ್ ಕಟ್ಟಬೇಕು. ಅಂದ್ರೆ ಫ್ರೀ ಮಿತಿ 200ರ ಹತ್ರ ಇರೋ ಮನೆಗೆ 198 ಯೂನಿಟ್ ಆದ ತಿಂಗಳಿಗೂ 203 ಆದ ತಿಂಗಳಿಗೂ ನಡುವೆ ಬರೀ ಐದು ಯೂನಿಟ್ಟಿನ ವ್ಯತ್ಯಾಸ ಅಲ್ಲ, ಪೂರ್ತಿ ಬಿಲ್ಲಿನ ವ್ಯತ್ಯಾಸ ಇದೆ. ಗೀಸರ್ ಆಫ್ ಮಾಡು ಅಂತ ದಿನಾ ಕೂಗೋ ಬದಲು ಆ ಬಿಲ್ಲನ್ನ ಮಗಳ ಕೈಗೆ ಕೊಟ್ಟು, ಮೂರು ತಿಂಗಳು ಮೀಟರ್ ರೀಡಿಂಗ್ ನೀನೇ ನೋಡ್ಕೋ ಅನ್ನಿ. ತಾನೇ ಲೆಕ್ಕ ಇಟ್ಟವಳಿಗೆ ಮಿತಿ ಅಂದ್ರೇನು, ಅದನ್ನ ದಾಟಿದ್ರೆ ಏನಾಗುತ್ತೆ ಅನ್ನೋದು ಯಾರೂ ಹೇಳದೇ ಅರ್ಥ ಆಗುತ್ತೆ.

ಬ್ಯಾಂಕ್ ಅಕೌಂಟೂ ಅಷ್ಟೇ, 18 ತುಂಬೋ ತನಕ ಕಾಯೋದು ಬೇಡ. 10 ವರ್ಷ ದಾಟಿದ ಮಕ್ಕಳು ತಮ್ಮ ಹೆಸರಲ್ಲೇ ಸೇವಿಂಗ್ಸ್ ಅಕೌಂಟ್ ತೆರೆದು ತಾವೇ ನಡೆಸೋಕೆ ಆರ್‌ಬಿಐ 2014ರಲ್ಲೇ ಅವಕಾಶ ಕೊಟ್ಟಿದೆ, ಎಷ್ಟು ಲಿಮಿಟ್ ಅನ್ನೋದು ಆಯಾ ಬ್ಯಾಂಕಿಗೆ ಬಿಟ್ಟಿದ್ದು. ಹಬ್ಬಕ್ಕೆ ಅಜ್ಜ ಕೊಟ್ಟ 500, ಮಾವ ಕೊಟ್ಟ 200, ಎಲ್ಲಾ ಅಲ್ಲಿಗೆ ಹಾಕಿಸಿ, ಪಾಸ್‌ಬುಕ್ ಅವ್ರ ಹತ್ರಾನೇ ಇರ್ಲಿ.

ಉಳಿತಾಯ ಅನ್ನೋದನ್ನ ನಮ್ಮವರಿಗೆ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ, ಇದನ್ನ ನಾನು ಕ್ಲಾಸಲ್ಲಿ ತುಂಬ ಹೆಮ್ಮೆಯಿಂದ ಹೇಳ್ತೀನಿ. ಸಾಸಿವೆ ಡಬ್ಬಿಯಲ್ಲಿ ದುಡ್ಡಿಡೋ ಅಜ್ಜಿಯರ ನಾಡಿದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಡೆಪಾಸಿಟ್ ಶುರು ಮಾಡ್ತು, ಏಜೆಂಟ್ ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯನ್ನೂ ಬರ್ಕೊಂಡು ಹೋಗೋರು. ಆ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕ್ ಜೊತೆ ಸೇರಿಹೋಯ್ತು, ಆದ್ರೆ ಪಿಗ್ಮಿ ಅನ್ನೋದು ಉಳ್ಕೊಂಡಿದೆ, ಇವತ್ತಿಗೂ ನಮ್ಮ ಏರಿಯಾದ ತರಕಾರಿ ಅಂಗಡಿ, ಬೇಕರಿ, ಟೈಲರ್ ಶಾಪಿಗೆಲ್ಲ ಸಂಜೆ ಹೊತ್ತು ಸೊಸೈಟಿಯಿಂದ ಪಿಗ್ಮಿ ಕಲೆಕ್ಟ್ ಮಾಡೋರು ಬರ್ತಾರೆ. ಅದರ ಜಾಣತನ ಏನು ಅಂದ್ರೆ, ಗಲ್ಲಾದಲ್ಲಿ ದುಡ್ಡು ಬಂದ ದಿನವೇ, ಅದು ಖರ್ಚಾಗೋಕ್ ಮುಂಚೆ, ಒಂದು ಪಾಲು ಆಚೆ ಹೋಗಿಬಿಡುತ್ತೆ. ತಿಂಗಳ ಕೊನೆಗೆ ಉಳಿದದ್ದನ್ನ ಉಳಿಸ್ತೀನಿ ಅಂದ್ರೆ ಯಾವ ತಿಂಗಳೂ ಉಳಿಯಲ್ಲ. ಸಂಬಳ 1ನೇ ತಾರೀಖು ಬರುತ್ತೆ ಅಂದ್ರೆ 3ನೇ ತಾರೀಖಿಗೆ, ಬ್ಯಾಂಕಲ್ಲಿ ತಿಂಗಳು ತಿಂಗಳು ಕಟ್ಟೋ ಠೇವಣಿ ಇಲ್ಲವೇ ಮ್ಯೂಚುವಲ್ ಫಂಡಿಗೆ ಹಾಕೋ ಕಂತು, ಅಂದ್ರೆ ಆರ್‌ಡಿಯೋ ಎಸ್‌ಐಪಿಯೋ ಆಟೋ ಡೆಬಿಟ್ ಆಗೋ ಹಾಗೆ ಇಡಿ ಅಂತ ಹೇಳಿದ್ರೆ ಮಕ್ಕಳಿಗೆ ಇನ್ನೊಂದು ಆ್ಯಪ್ ಅನ್ಸುತ್ತೆ, ಇದು ನಿಮ್ಮೂರಿನ ಪಿಗ್ಮಿನೇ ಕಣ್ರೋ, ಏಜೆಂಟ್ ಬದಲು ಮೊಬೈಲ್ ಬಂದಿದೆ ಅಷ್ಟೇ ಅಂದ್ರೆ ತಟ್ಟಂತ ಹಿಡೀತಾರೆ. ಪೋಸ್ಟ್ ಆಫೀಸ್ ಆರ್‌ಡಿಗೆ ತಿಂಗಳಿಗೆ 100 ರೂಪಾಯಿ ಇದ್ರೂ ಸಾಕು.

ಚೀಟಿ ಬಗ್ಗೆನೂ ಕೇಳ್ತಾರೆ, ಯಾಕಂದ್ರೆ ಅರ್ಧ ಮಕ್ಕಳ ಮನೇಲಿ ಅಮ್ಮ ಚೀಟಿ ಹಾಕಿರ್ತಾರೆ. ನಾನು ಚೀಟಿ ಕೆಟ್ಟದ್ದು ಅನ್ನಲ್ಲ. ಒಂದು ಲಕ್ಷದ ಚೀಟಿ, ಇಪ್ಪತ್ತು ಜನ, ತಿಂಗಳಿಗೆ 5,000, ಒಬ್ರು 75,000ಕ್ಕೆ ಕೂಗಿ ಎತ್ಕೊಂಡ್ರು ಅಂದ್ರೆ ಉಳಿದ 25,000ದಲ್ಲಿ ನಡೆಸೋರ ಕಮಿಷನ್ ಹೋಗಿ ಬಾಕಿ ಎಲ್ರಿಗೂ ಹಂಚಿಕೆಯಾಗುತ್ತೆ, ಮೊದ್ಲು ಎತ್ಕೊಂಡೋರು ಬಡ್ಡಿ ಕಟ್ತಿದ್ದಾರೆ, ಕೊನೆಗೆ ಎತ್ಕೊಳ್ಳೋರು ಬಡ್ಡಿ ತಿಂತಿದ್ದಾರೆ ಅನ್ನೋದನ್ನ ಅವ್ರ ಕೈಯಿಂದಾನೇ ಬಿಡಿಸ್ತೀನಿ. ಕಾನೂನು ಪ್ರಕಾರ ನಡೆಯೋ ಚೀಟಿಗೆ 1982ರ ಚಿಟ್ ಫಂಡ್ಸ್ ಆ್ಯಕ್ಟ್ ಇದೆ, ಕಮಿಷನ್ 7 ಪರ್ಸೆಂಟ್ ದಾಟೋ ಹಾಗಿಲ್ಲ, ರಿಜಿಸ್ಟರ್ ಆಗಿರ್ಬೇಕು, ಸರ್ಕಾರದ ಎಂಎಸ್‌ಐಎಲ್ಲೇ ಚೀಟಿ ನಡೆಸುತ್ತೆ. ಬೀದಿಯಲ್ಲಿ ನಂಬಿಕೆ ಮೇಲೆ ನಡೆಯೋ ಚೀಟಿ ಅಂದ್ರೆ ನಡೆಸೋರು ಒಂದು ರಾತ್ರಿ ಮನೆ ಖಾಲಿ ಮಾಡಿದ್ರೆ ಕೇಳೋಕೆ ಕೈಯಲ್ಲಿ ಒಂದು ಕಾಗದಾನೂ ಇರಲ್ಲ. ಅಮ್ಮಂಗೆ ಬುದ್ಧಿ ಹೇಳೋಕೆ ಹೋಗ್ಬೇಡಿ, ಪಕ್ಕ ಕೂತು ರಸೀದಿ ಇದೆಯಾ, ರಿಜಿಸ್ಟರ್ ಆಗಿದೆಯಾ ಅಂತ ಕೇಳಿ ಸಾಕು ಅಂತೀನಿ.

ಇನ್ನು ಸಾಲ. ಇದಕ್ಕೆ ನಾನು ಜಾಸ್ತಿ ಟೈಮ್ ತಗೋತೀನಿ, ಯಾಕಂದ್ರೆ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಕ್ರೆಡಿಟ್ ಕಾರ್ಡ್ ಕೊಡೋರು ಫೋನ್ ಮಾಡೋಕ್ ಶುರು ಮಾಡ್ತಾರೆ. ಕಾರ್ಡಿನ ಕಾಗದದಲ್ಲಿ "ಮಂತ್ಲಿ 3.5 ಪರ್ಸೆಂಟ್" ಅಂತ ಸಣ್ಣಕ್ಷರದಲ್ಲಿ ಇರುತ್ತೆ, ಓದಿದ ಮಕ್ಕಳಿಗೆ ಅದು ಬರೀ ಮೂರೂವರೆ ಪರ್ಸೆಂಟು ಅನ್ಸುತ್ತೆ. ಮನೇಲಿ ಅಜ್ಜಿಗೆ ಹೋಗಿ "ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿಗೆ ಸಾಲ ಕೊಡ್ತಾರಂತೆ ತಗೊಳ್ಲಾ" ಅಂತ ಕೇಳಿ ನೋಡಿ ಅಂತೀನಿ. ಯಾವ ಅಜ್ಜಿಯೂ ಒಪ್ಪಲ್ಲ. ಊರಲ್ಲಿ ಎರಡು ರೂಪಾಯಿ ಬಡ್ಡಿ ಅಂದ್ರೇನೇ ಯೋಚ್ನೆ ಮಾಡೋ ಜನ, ಮೂರು ರೂಪಾಯಿ ಬಡ್ಡಿಗೆ ತಂದ ಅಂದ್ರೆ ಅವನಿಗೇನೋ ದೊಡ್ಡ ತೊಂದರೆ ಆಗಿದೆ ಅಂತ ಅರ್ಥ. ಮೂರೂವರೆ ರೂಪಾಯಿ ಬಡ್ಡಿ ಅಂದ್ರೆ ವರ್ಷಕ್ಕೆ 42. ಹಳೇ ಲೆಕ್ಕದಲ್ಲಿ ಹೇಳಿದ್ರೆ ಕ್ಲಾಸಲ್ಲಿರೋ ಎಲ್ರಿಗೂ ಒಂದೇ ಕ್ಷಣಕ್ಕೆ ತಿಳಿಯುತ್ತೆ, ಯಾಕಂದ್ರೆ ಆ ಲೆಕ್ಕ ಅವ್ರ ಮನೆಯ ಮಾತಲ್ಲಿ ಮೊದ್ಲಿಂದ ಇದೆ.

ಆಮೇಲೆ ಮಿನಿಮಮ್ ಡ್ಯೂ. 40,000 ಬಿಲ್ ಬಂತು, ಕಟ್ಟಬೇಕಾದ ಕನಿಷ್ಠ 2,000 ಅಂತ ತೋರಿಸುತ್ತೆ, ಹುಡುಗಿ ಅದನ್ನ ಕಟ್ಟಿ ಈ ತಿಂಗಳು ಮುಗೀತು ಅಂದ್ಕೋತಾಳೆ. ಉಳಿದ 38,000ಕ್ಕೆ 3.5ರ ಲೆಕ್ಕದಲ್ಲಿ ತಿಂಗಳಿಗೆ 1,330 ಬಡ್ಡಿ, ಆ ಬಡ್ಡಿ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಅಂದ್ರೆ ಇನ್ನೊಂದು 240, ಒಟ್ಟು 1,570 ಹತ್ರ. ಮುಂದಿನ ತಿಂಗಳು ಮತ್ತೆ 2,000 ಕಟ್ಟಿದ್ರೆ ಸಾಲ ಕರಗೋದು 430 ರೂಪಾಯಿ ಮಾತ್ರ. ಜೊತೆಗೆ ಬಾಕಿ ಉಳಿಸ್ಕೊಂಡಿರೋ ತನಕ ಹೊಸದಾಗಿ ಉಜ್ಜಿದ್ದಕ್ಕೂ ಮೊದಲ ದಿನದಿಂದಾನೇ ಬಡ್ಡಿ ಓಡುತ್ತೆ, ಆ 45 ದಿನ 50 ದಿನ ಬಡ್ಡಿ ಇಲ್ಲ ಅನ್ನೋ ಸೌಲಭ್ಯ ಪೂರ್ತಿ ಬಿಲ್ ಕಟ್ಟೋರಿಗೆ ಮಾತ್ರ. ಕಾರ್ಡ್ ಬೇಡವೇ ಬೇಡ ಅಂತ ನಾನು ಹೇಳಲ್ಲ, ಪೂರ್ತಿ ಬಿಲ್ ಆಟೋ ಡೆಬಿಟ್‌ಗೆ ಇಟ್ಟು ಇಟ್ಕೊಳ್ಳಿ, ಸಿಬಿಲ್ ಸ್ಕೋರ್, ಅಂದ್ರೆ ನೀವು ಸಾಲ ಸರಿಯಾಗಿ ತೀರಿಸ್ತೀರಾ ಅಂತ ತೋರಿಸೋ ಅಂಕ, ಅದನ್ನ ಕಟ್ಟೋಕೂ ಕಾರ್ಡ್ ಉಪಯೋಗಾನೇ. ಆ ಸ್ಕೋರ್ 300ರಿಂದ 900ರ ತನಕ ಇರುತ್ತೆ, ಮುಂದೆ ಮನೆ ಸಾಲಕ್ಕೆ ಹೋದಾಗ ಮೊದ್ಲು ನೋಡೋದು ಅದನ್ನೇ, ಇಂಥ ಸಾಲದ ಲೆಕ್ಕ ಇಡೋ ನಾಲ್ಕು ಕ್ರೆಡಿಟ್ ಬ್ಯೂರೋಗಳೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಫ್ರೀ ಕೊಡಬೇಕು ಅಂತ ರೂಲ್ ಇದೆ, ವರ್ಷಕ್ಕೊಮ್ಮೆ ತೆಗೆದು ನೋಡಿ, ನೀವು ತಗೊಳ್ಳದ ಸಾಲ ನಿಮ್ಮ ಹೆಸರಲ್ಲಿ ಇದೆಯಾ ಅಂತ.

ಲೋನ್ ಆ್ಯಪ್ ವಿಷಯಕ್ಕೆ ಬಂದ್ರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತೆ. 5,000 ಸಾಲ ಅಂತ ಹೇಳಿ 1,500 ಪ್ರೊಸೆಸಿಂಗ್ ಫೀ ಹಿಡ್ಕೊಂಡು 3,500 ಕೈಗೆ ಹಾಕಿ, ಹದಿನೈದು ದಿನಕ್ಕೆ 5,000 ವಾಪಸ್ ಕೇಳೋದು, ಕೊಡದಿದ್ರೆ ಫೋನಲ್ಲಿರೋ ಎಲ್ಲಾ ನಂಬರ್‌ಗೂ ಮೆಸೇಜ್ ಹಾಕಿ ಮಾನ ಕಳೆಯೋದು. ಮಾರ್ಕೆಟ್ಟಿನ ಮೀಟರ್ ಬಡ್ಡಿಯೋರು ಮಾಡ್ತಿದ್ದನ್ನೇ ಇವ್ರು ಫೋನಲ್ಲಿ ಮಾಡ್ತಿದ್ದಾರೆ. ಆರ್‌ಬಿಐ 2022ರ ಸೆಪ್ಟೆಂಬರ್‌ನಲ್ಲಿ ಡಿಜಿಟಲ್ ಸಾಲಕ್ಕೆ ನಿಯಮ ತಂದಿದೆ, ದುಡ್ಡು ಬ್ಯಾಂಕ್ ಅಥವಾ ಬ್ಯಾಂಕಲ್ಲದ ಸಾಲದ ಕಂಪನಿ, ಅಂದ್ರೆ ಎನ್‌ಬಿಎಫ್‌ಸಿಯಿಂದ ನೇರವಾಗಿ ನಿಮ್ಮ ಅಕೌಂಟಿಗೆ ಬರಬೇಕು, ವರ್ಷದ ಒಟ್ಟು ಖರ್ಚು ಎಷ್ಟು ಪರ್ಸೆಂಟ್ ಅಂತ ತೋರಿಸೋ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಮೊದ್ಲೇ ಕೊಡಬೇಕು, ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಲಿಸ್ಟು, ಫೋಟೋ, ಕಾಲ್ ಲಾಗ್ ಮುಟ್ಟೋ ಹಾಗಿಲ್ಲ. ಅಂದ್ರೆ ಕಾಂಟ್ಯಾಕ್ಟ್ಸ್ ಪರ್ಮಿಷನ್ ಕೇಳಿದ ತಕ್ಷಣ ಅಲ್ಲೇ ಆ ಆ್ಯಪ್ ತೆಗೆದು ಹಾಕಿ. ಆಗ್ಲೇ ಸಿಕ್ಕಾಕೊಂಡಿದ್ರೆ ಮನೇಲಿ ಹೇಳಿ, ಮನೇಲಿ ಆಗದಿದ್ರೆ ನನಗೆ ಹೇಳಿ, ಒಬ್ಬೊಬ್ರೇ ಒಳಗೊಳಗೇ ನರಳಬೇಡಿ ಅಂತ ಪ್ರತಿ ಬ್ಯಾಚಿಗೂ ಹೇಳ್ತೀನಿ. ದುಡ್ಡಿನ ವಿಷಯ ಮನೇಲಿ ಮಾತಾಡೋ ರೂಢಿ ಇಲ್ಲದಿದ್ರೆ ಅದರ ಬೆಲೆ ಇಂಥಾ ಟೈಮಲ್ಲಿ ಗೊತ್ತಾಗುತ್ತೆ, ಹೇಳೋಕೆ ಬಾಯೇ ಬರಲ್ಲ ಆ ಮಕ್ಕಳಿಗೆ.

ಷೇರು ಮಾರ್ಕೆಟ್ ಬಗ್ಗೆ ಎರಡು ಥರದ ಮಕ್ಕಳು ಬರ್ತಾರೆ. ಅಪ್ಪ "ಅದು ಜೂಜು, ಹತ್ರ ಹೋಗ್ಬೇಡ" ಅಂದಿರೋದ್ರಿಂದ ಎಸ್‌ಐಪಿ ಅಂದ್ರೂ ಹೆದರೋರು ಒಂದಷ್ಟು ಜನ. ಷೇರು ಬೆಲೆ ಮುಂದೆ ಏರುತ್ತೋ ಇಳಿಯುತ್ತೋ ಅಂತ ದುಡ್ಡು ಕಟ್ಟೋ ಆಪ್ಷನ್ಸ್ ಟ್ರೇಡಿಂಗ್ ಮಾಡಿ ಫ್ರೆಂಡ್ ಒಬ್ಬ ದಿನಕ್ಕೆ ಎರಡು ಸಾವಿರ ದುಡೀತಾನೆ ಅಂತ ನಂಬಿರೋರು ಇನ್ನೊಂದಷ್ಟು ಜನ, ಮೆಟ್ರೋದಲ್ಲಿ ನಿಂತ್ಕೊಂಡೇ ಚಾರ್ಟ್ ನೋಡ್ತಿರ್ತಾರೆ. ಎರಡನೇಯವ್ರಿಗೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರಗೆ ಹಾಕಿದ ಅಂಕಿ ತೋರಿಸ್ತೀನಿ, ಆರ್ಥಿಕ ವರ್ಷ 2022ರಿಂದ 2024ರ ಮೂರು ವರ್ಷದಲ್ಲಿ ಫ್ಯೂಚರ್ಸ್ ಅಂಡ್ ಆಪ್ಷನ್ಸ್‌ನಲ್ಲಿ ಕೈ ಹಾಕಿದ ಸಾಮಾನ್ಯ ಜನರಲ್ಲಿ 93 ಪರ್ಸೆಂಟ್ ಜನ ಕಳ್ಕೊಂಡಿದ್ದಾರೆ, ಒಬ್ಬೊಬ್ರಿಗೆ ಸರಾಸರಿ 2 ಲಕ್ಷದ ಹತ್ರ ನಷ್ಟ, ಎಲ್ಲಾ ಸೇರಿ 1.8 ಲಕ್ಷ ಕೋಟಿಗೂ ಮೇಲೆ. 30 ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ 31ರಿಂದ 43 ಪರ್ಸೆಂಟಿಗೆ ಏರಿದೆ. ಇದು ನನ್ನ ಅಭಿಪ್ರಾಯ ಅಲ್ಲ, ಮಾರ್ಕೆಟ್ ನೋಡ್ಕೊಳ್ಳೋ ಸಂಸ್ಥೆಯೇ ಕೊಟ್ಟ ಲೆಕ್ಕ ಅಂದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲ್ಲ. "ಆ ಏಳು ಪರ್ಸೆಂಟಲ್ಲಿ ನಾನಿರ್ತೀನಿ ಮೇಡಂ" ಅಂತ ಒಬ್ಬ ಹುಡುಗ ಹೇಳೇ ಹೇಳ್ತಾನೆ. ಅವನಿಗೆ ನಾನು ಬಯ್ಯಲ್ಲ. ಒಂದು ನೋಟ್‌ಬುಕ್ಕಲ್ಲಿ ದುಡ್ಡು ಹಾಕದೆ ಮೂರು ತಿಂಗಳು ಯಾವಾಗ ತಗೋತಿದ್ದೆ, ಯಾವಾಗ ಮಾರ್ತಿದ್ದೆ ಅಂತ ಬರ್ಕೊಂಡು ಬಾ, ಬ್ರೋಕರೇಜ್, ಟ್ಯಾಕ್ಸ್ ಎಲ್ಲಾ ಕಳೆದು ಬರೀ ಅಂತೀನಿ.

ಮೊದಲನೇ ಥರದವ್ರಿಗೆ ಬೇರೆ ಪಾಠ. ಇಂಡೆಕ್ಸ್ ಫಂಡ್ ಅಂದ್ರೆ ದೇಶದ ದೊಡ್ಡ ಕಂಪನಿಗಳಲ್ಲಿ ಒಟ್ಟಿಗೆ ಸ್ವಲ್ಪ ಸ್ವಲ್ಪ ಪಾಲು ಅಂತ ಹೇಳಿ, ಅದೂ ಬೀಳುತ್ತೆ ಅನ್ನೋದನ್ನ ಮುಚ್ಚಿಡದೇ ತೋರಿಸ್ತೀನಿ. 2020ರ ಜನವರಿಯಲ್ಲಿ 42,000 ಮುಟ್ಟಿದ್ದ, ದೊಡ್ಡ ಕಂಪನಿಗಳ ಷೇರು ಬೆಲೆಯ ಸೂಚ್ಯಂಕ ಸೆನ್ಸೆಕ್ಸು ಕೊರೋನಾ ಬಂದು ಮಾರ್ಚ್ 23ಕ್ಕೆ 26,000ಕ್ಕಿಂತ ಕೆಳಗೆ ಬಿತ್ತು, ಅದೇ ವರ್ಷ ನವೆಂಬರ್‌ನಲ್ಲಿ ಮತ್ತೆ 42,000 ದಾಟ್ತು. ಮಾರ್ಚ್‌ನಲ್ಲಿ ಅಕ್ಕನ ಮದುವೆಗೆ ದುಡ್ಡು ಬೇಕಿದ್ದವನು ಮಾರಿ ಕಳ್ಕೊಂಡ, ಬೇಕಿಲ್ಲದವನು ಸುಮ್ನೆ ಇದ್ದು ಉಳಿಸ್ಕೊಂಡ. ಅದಕ್ಕೇ ಮೊದ್ಲು ಮೂರು ತಿಂಗಳ ಖರ್ಚಿನಷ್ಟು ದುಡ್ಡು ಬ್ಯಾಂಕಲ್ಲಿ ಬೇರೆ ಇಡಿ, ಆಮೇಲೆ ಐದಾರು ವರ್ಷ ಮುಟ್ಟೋ ಅವಶ್ಯಕತೆ ಇಲ್ಲದ ದುಡ್ಡು ಮಾತ್ರ ಅಲ್ಲಿಗೆ. ಬೆಂಗಳೂರಲ್ಲಂತೂ ಆ ಕೈಕಾಸು ಬೇಕೇ ಬೇಕು, ಪಿಜಿ ಬಿಟ್ಟು ಫ್ರೆಂಡ್ಸ್ ಸೇರ್ಕೊಂಡು ಒಂದು ಸಣ್ಣ ಮನೆ ಮಾಡೋಣ ಅಂದ್ರೂ ಅಡ್ವಾನ್ಸ್ ಅಂತ ಐದು ತಿಂಗಳು ಹತ್ತು ತಿಂಗಳ ಬಾಡಿಗೆ ಕೇಳ್ತಾರೆ, ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದು ಹಿಡ್ಕೋತಾರೆ. ಬ್ಯಾಂಕಲ್ಲಿಟ್ಟದ್ದಕ್ಕೂ ಮಿತಿ ಇದೆ, ಒಂದು ಬ್ಯಾಂಕಲ್ಲಿ ಒಬ್ರ ಹೆಸರಲ್ಲಿ ಬಡ್ಡಿ ಸೇರಿ 5 ಲಕ್ಷದ ತನಕ ಮಾತ್ರ, ಬ್ಯಾಂಕ್ ಮುಳುಗಿದ್ರೆ ಸಿಗೋ ಇನ್ಶೂರೆನ್ಸ್, 2020ರ ಫೆಬ್ರವರಿ ತನಕ ಅದು ಬರೀ 1 ಲಕ್ಷ ಇತ್ತು. ಒಂದೆರಡು ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ನಿವೃತ್ತಿ ದುಡ್ಡೆಲ್ಲ ಒಂದೇ ಕಡೆ ಇಟ್ಟಿರೋ ತಾತಂದಿರು ಮನೇಲಿದ್ರೆ ಇದನ್ನ ಹೋಗಿ ಅವ್ರಿಗೆ ಹೇಳಿ.

ಇತ್ತೀಚೆಗೆ ಸೇರಿಸಿರೋ ಒಂದು ವಿಷಯ ಅಕೌಂಟ್ ಬಾಡಿಗೆಗೆ ಕೊಡೋದು. "ನಿನ್ನ ಅಕೌಂಟು, ಎಟಿಎಂ ಕಾರ್ಡು, ಸಿಮ್ಮು ಒಂದು ವಾರ ಕೊಡು, 5,000 ಕೊಡ್ತೀವಿ, ನಮ್ಮ ಬಿಸಿನೆಸ್ ದುಡ್ಡು ಬಂದು ಹೋಗುತ್ತೆ ಅಷ್ಟೇ" ಅಂತ ಕಾಲೇಜ್ ಮಕ್ಕಳನ್ನೇ ಹುಡ್ಕೊಂಡು ಬರ್ತಾರೆ. ಬಂದು ಹೋಗೋದು ಯಾರದ್ದೋ ಅಜ್ಜಿಗೆ ವಿಡಿಯೋ ಕಾಲ್‌ನಲ್ಲಿ ಹೆದರಿಸಿ ಕಿತ್ಕೊಂಡ ದುಡ್ಡು. ಪೊಲೀಸ್ರು ಮೊದ್ಲು ಬರೋದು ಅಕೌಂಟ್ ಯಾರ ಹೆಸರಲ್ಲಿದೆಯೋ ಅವ್ರ ಮನೆಗೆ, ಇನ್ನೊಂದು ರಾಜ್ಯದಿಂದ ನೋಟಿಸ್ ಬರುತ್ತೆ, ಅಕೌಂಟ್ ಫ್ರೀಜ್ ಆಗುತ್ತೆ, 20 ವರ್ಷಕ್ಕೇ ಕೇಸು. 5,000 ರೂಪಾಯಿಗೆ. ಇದನ್ನ ಹೇಳುವಾಗ ನಾನು ದನಿ ಏರಿಸಿಯೇ ಹೇಳ್ತೀನಿ. ಯುಪಿಐ ಪಿನ್ ಹಾಕೋದು ದುಡ್ಡು ಕೊಡೋಕೆ ಮಾತ್ರ, ದುಡ್ಡು ಬರೋಕೆ ಪಿನ್ ಬೇಕಾಗಿಲ್ಲ ಅನ್ನೋದನ್ನೂ, ಏನೇ ಮೋಸ ಆದ್ರೂ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅನ್ನೋದನ್ನೂ ಬರೆಸ್ತೀನಿ, ಅದನ್ನ ಮನೇಲಿ ಫ್ರಿಜ್ ಮೇಲೆ ಅಂಟಿಸಿ ಅಂತೀನಿ.

ಹುಡುಗೀರ ಜೊತೆ ಬೇರೆ ಕೂತು ಮಾತಾಡ್ತೀನಿ. ಕೆಲಸಕ್ಕೆ ಹೋಗೋ ಎಷ್ಟೋ ಹೆಣ್ಣುಮಕ್ಕಳ ಎಟಿಎಂ ಕಾರ್ಡು ಅಪ್ಪನ ಜೇಬಲ್ಲಿ ಇರುತ್ತೆ, ಮದುವೆ ಆದ್ಮೇಲೆ ಗಂಡನ ಜೇಬಿಗೆ ಹೋಗುತ್ತೆ. ತಿಂಗಳು ಪೂರ್ತಿ ದುಡಿದವಳು ಬಸ್ ಚಾರ್ಜಿಗೆ, ಪ್ಯಾಡ್‌ಗೆ ಕೇಳಿ ಇಸ್ಕೋಬೇಕು. ಇದಕ್ಕೆ ಕೆಟ್ಟ ಅಪ್ಪಂದಿರೇ ಆಗ್ಬೇಕಂತಿಲ್ಲ, "ನಿನ್ನ ಮದುವೆಗೇ ಅಲ್ವಾ ಕೂಡಿಡ್ತಿರೋದು" ಅಂತ ನಿಜವಾಗ್ಲೂ ಚಿನ್ನ ಕೂಡಿಡ್ತಿರ್ತಾರೆ. ಆದ್ರೂ ಪಿನ್ ನಿಂದು, ಪಾಸ್‌ವರ್ಡ್ ನಿಂದು, ಆ ಅಕೌಂಟಿಗೆ ನಾಮಿನಿ ಯಾರು ಅಂತ ತೀರ್ಮಾನ ಮಾಡೋಳು ನೀನು, ಮನೆಗೆ ಎಷ್ಟು ಕೊಡ್ತೀಯೋ ಅದನ್ನ ನೀನೇ ಟ್ರಾನ್ಸ್‌ಫರ್ ಮಾಡಿ ಕೊಡು ಅಂತೀನಿ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿ 2,000 ನೇರವಾಗಿ ಅಮ್ಮಂದಿರ ಅಕೌಂಟಿಗೆ ಬರೋಕ್ ಶುರುವಾದ್ಮೇಲೆ ಎಷ್ಟೋ ಮಕ್ಕಳು ಹೇಳಿದ್ದಾರೆ, ನಮ್ಮಮ್ಮ ಮೊದಲನೇ ಸಲ ಒಬ್ರೇ ಬ್ಯಾಂಕಿಗೆ ಹೋಗಿ ಬಂದ್ರು ಅಂತ. ಆ ತಾಯಂದಿರ ಮಗಳು ತನ್ನ ಸಂಬಳದ ಅಕೌಂಟಿಗೆ ಒಡತಿ ಆಗ್ಬೇಕು, ಇದರಲ್ಲಿ ನಾನು ಯಾರ ಜೊತೆಗೂ ರಾಜಿ ಮಾಡ್ಕೊಳ್ಳಲ್ಲ, ಯಾವ ತಂದೆ ಬಂದು ಕೇಳಿದ್ರೂ ಇದನ್ನೇ ಹೇಳ್ತೀನಿ.

ಇನ್ಶೂರೆನ್ಸ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಮೊದಲ ಸಂಬಳದ ವಾಸನೆಗೆ ಪರಿಚಯದ ಅಂಕಲ್ ಒಬ್ರು ಪಾಲಿಸಿ ಹಿಡ್ಕೊಂಡು ಮನೆಗೆ ಬರ್ತಾರೆ, ಅಪ್ಪನ ಮುಖ ನೋಡಿ ಸೈನ್ ಹಾಕ್ಬೇಡಿ, ನಾನು ಹೋದ್ರೆ ಮನೆಯವ್ರಿಗೆ ಎಷ್ಟು ಬರುತ್ತೆ, ಮಧ್ಯದಲ್ಲಿ ಬಿಟ್ರೆ ಎಷ್ಟು ಬರುತ್ತೆ ಅಂತ ಎರಡೇ ಪ್ರಶ್ನೆ ಕೇಳಿ. ಸೈನ್ ಹಾಕಿಬಿಟ್ಟಿದ್ರೂ ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಮಾಡಬಹುದು. ಕಂಪನಿ ಕೊಡೋ ಹೆಲ್ತ್ ಇನ್ಶೂರೆನ್ಸ್ ಕೆಲಸ ಬಿಟ್ಟ ದಿನ ನಿಂತುಹೋಗುತ್ತೆ, ಹಾಗಾಗಿ ಅಪ್ಪ ಅಮ್ಮನಿಗೆ ಸ್ವಂತದ್ದೊಂದು ಇರ್ಲಿ, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲೆ ಜಿಎಸ್‌ಟಿ ಇಲ್ಲ.

ಕೊನೆಗೆ ಯಾವಾಗಲೂ ಒಂದೇ ಪ್ರಶ್ನೆ ಬರುತ್ತೆ, "ಮೇಡಂ, ಮನೆಗೆ ಎಷ್ಟು ಕೊಡ್ಬೇಕು?" ಹಾಸನ, ತುಮಕೂರು, ಚಿತ್ರದುರ್ಗದ ಕಡೆಯಿಂದ ಬಂದು ಇಲ್ಲಿ ಹಾಸ್ಟೆಲಲ್ಲಿರೋ ಮಕ್ಕಳೇ ಜಾಸ್ತಿ ಕೇಳೋದು. ಇದಕ್ಕೆ ಪರ್ಸೆಂಟ್ ಲೆಕ್ಕ ನನ್ನ ಹತ್ರ ಇಲ್ಲ. ಊರಿಗೆ ಹೋದಾಗ ಅಪ್ಪ ಅಮ್ಮನ ಜೊತೆ ಕೂತು, ನನ್ನ ಕೈಗೆ ಬರೋದು 25,480, ಪಿಜಿಗೆ ಇಷ್ಟು, ಓಡಾಟಕ್ಕೆ ಇಷ್ಟು, ಉಳಿತಾಯಕ್ಕೆ ಇಷ್ಟು ಅಂತ ಪೇಸ್ಲಿಪ್ ತೋರಿಸಿ, ಆಮೇಲೆ ಮನೆ ಮೇಲೆ ಸಾಲ ಎಷ್ಟಿದೆ, ಬಡ್ಡಿ ಎಷ್ಟು ರೂಪಾಯಿ ಅಂತ ಕೇಳಿ. ಮೂರು ರೂಪಾಯಿ ಬಡ್ಡಿಯ ಕೈಸಾಲ ಇದ್ರೆ ನಿಮ್ಮ ಎಸ್‌ಐಪಿ ಸ್ವಲ್ಪ ಕಾಯ್ಲಿ, ಮೊದ್ಲು ಅದನ್ನ ತೀರಿಸಿ, ವರ್ಷಕ್ಕೆ 36 ಪರ್ಸೆಂಟ್ ಉಳಿಸಿಕೊಡೋ ಫಂಡ್ ಯಾವುದೂ ಇಲ್ಲ. ಸೊಸೈಟಿಯ ಕಮ್ಮಿ ಬಡ್ಡಿ ಸಾಲ ಆದ್ರೆ ಅದು ತನ್ನ ಪಾಡಿಗೆ ತೀರ್ಲಿ, ತಿಂಗಳಿಗೆ ಇಷ್ಟು ಅಂತ ಒಂದು ಮೊತ್ತ ಗೊತ್ತು ಮಾಡಿ, ಒಂದೇ ತಾರೀಖಿಗೆ ಕಳ್ಸಿ, ವರ್ಷಕ್ಕೊಮ್ಮೆ ಸಂಬಳ ಏರಿದಾಗ ಮತ್ತೆ ಕೂತು ಮಾತಾಡಿ.